ಬೆಳ್ವೊಲದಲ್ಲಿ ಒಣ ಹವೆಯ ಒಂದು ವಾರ

ಧಾರವಾಡ ಜಿಲ್ಲೆಯಲ್ಲಿ ಮುಂದಿನ ವಾರ ಬಹುಮಟ್ಟಿಗೆ ಒಣ ಹವೆ. ಹಗಲಿನ ಉಷ್ಣತೆ ತುಸು ಹೆಚ್ಚು. ಒಂದೆರಡು ಕಡೆ ಮಾತ್ರ ಹಗುರ ಮಳೆ. ಭಾದ್ರಪದ ಮುಗಿದು ಆಶ್ವಯುಜ ಕಾಲಿಡುವ ದಿನಗಳಲ್ಲಿ ಇಂಥ ಹವಾಮಾನ ವರದಿಯನ್ನು ಕೇಳಿದರೆ ಪೇಟೆಯವರಾದ ನಾವು ಕೊಡೆಯನ್ನು ಮೂಲೆಗಿಟ್ಟು ನಮ್ಮ ಕೆಲಸಕ್ಕೆ ಹೊರಡುತ್ತೇವೆ. ಈ ಮಾತಿಗೂ ಚರಿತ್ರೆಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳಲ್ಲಿ ಈ ಒಂದೇ ವರದಿಗೆ ಬೇರೆ ಬೇರೆ ಅರ್ಥಗಳಿವೆ. ಆ ಅರ್ಥಗಳ ಹಿಂದೆ ಬಹುಕಾಲದ ಅನುಭವವಿದೆ. ಒಂದು ಘೋರ ಬರದ ನೆನಪೂ ಇದೆ. ಅದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮೊದಲು ನೆಲದ ಮಾತು. ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿರುವ ಕಲಘಟಗಿ ಮಲೆನಾಡಿನ ಸೆರಗು. ಅಲ್ಲಿ ಜುಲೈ ತಿಂಗಳ ಮಳೆಯೇ ದೊಡ್ಡದು. ಕೂರಿಗೆಯಿಂದ ಬಿತ್ತಿದ ಭತ್ತವೇ ಬಹುಕಾಲದ ಬೆಳೆ. ಪೂರ್ವಕ್ಕೆ ಸರಿದಂತೆ ಸಹ್ಯಾದ್ರಿಯ ಮರೆ ಬೀಳುತ್ತದೆ. ಕುಂದಗೋಳವನ್ನು ದಾಟಿ ಅಣ್ಣಿಗೇರಿ, ನವಲಗುಂದಗಳಿಗೆ ಬರುವಷ್ಟರಲ್ಲಿ ಗಿಡಮರಗಳು ವಿರಳವಾಗಿ, ಕಣ್ಣು ಹಾಯುವವರೆಗೂ ಕರಿಯ ಎರೆಭೂಮಿ ಹಬ್ಬಿಕೊಳ್ಳುತ್ತದೆ. ಇಲ್ಲಿ ಜುಲೈ ತಿಂಗಳ ಮೋಡಗಳು ತುಂತುರು ಚೆಲ್ಲಿ ಹೋಗುವುದೇ ಹೆಚ್ಚು. ನಿಜವಾದ ಮಳೆ ಬರಬೇಕಾದದ್ದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ.

ಈ ಎರೆಯ ಸೀಮೆಗೆ ಹಿಂದೆ ಬೆಳ್ವೊಲ ಎಂಬ ಹೆಸರಿತ್ತು. ಬೆಳೆಯುವ ಹೊಲ ಎಂದು ಅದರ ಅರ್ಥ. ಬೆಳ್ವೊಲ ಮುನ್ನೂರರ ಮುಖ್ಯ ಪಟ್ಟಣಗಳಲ್ಲಿ ಅಣ್ಣಿಗೇರಿಯೂ ಒಂದು. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆತನದವಳೆಂದು, ಪಂಪನ ತಮ್ಮ ಜಿನವಲ್ಲಭ ಬರೆಯಿಸಿದ ಕುರ್ಕ್ಯಾಲ ಶಾಸನದಿಂದ ತಿಳಿದುಬರುತ್ತದೆ. ಜೋಯಿಸನೆಂದರೆ ನಕ್ಷತ್ರ ನೋಡಿ ಕಾಲ ಹೇಳುವವನು. ಮಳೆಯನ್ನೇ ನಂಬಿದ ಸೀಮೆಯಲ್ಲಿ ಆ ವಿದ್ಯೆಗಿದ್ದ ಬೆಲೆಯನ್ನು ನಾವು ಊಹಿಸಬಹುದು.

ಆ ವಿದ್ಯೆಯ ಒಂದು ಎಳೆ ಇಂದಿಗೂ ರೈತರ ಬಾಯಲ್ಲಿ ಉಳಿದಿದೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಸೆಪ್ಟೆಂಬರ್ ನಡುವಿನಲ್ಲಿ ಉತ್ತರಿ, ತಿಂಗಳ ಕೊನೆಗೆ ಹಸ್ತ, ಅಕ್ಟೋಬರಿನಲ್ಲಿ ಚಿತ್ತಿ, ಆಮೇಲೆ ಸ್ವಾತಿ: ಇವು ಹಿಂಗಾರಿಯ ಮಳೆಗಳು. ಇಲ್ಲೊಂದು ಸ್ವಾರಸ್ಯವಿದೆ. ನಕ್ಷತ್ರಗಳನ್ನು ಹಿಡಿದು ಎಣಿಸುವ ವರ್ಷ ಋತುಗಳ ವರ್ಷಕ್ಕಿಂತ ಇಪ್ಪತ್ತು ನಿಮಿಷದಷ್ಟು ದೊಡ್ಡದು. ಹೀಗಾಗಿ ಸುಮಾರು 71 ವರ್ಷಕ್ಕೆ ಒಂದು ದಿನದಂತೆ ನಕ್ಷತ್ರದ ಮಳೆ ಮುಂದಕ್ಕೆ ಸರಿಯುತ್ತದೆ. ಪಂಪ ತನ್ನ ಕಾವ್ಯಗಳನ್ನು ಬರೆದ 941ರಿಂದ ಈಚೆಗೆ ಅದು ಹದಿನೈದು ದಿನ ಸರಿದಿದೆ. ಎಂದರೆ ಇಂದು ಉತ್ತರಿ ಹುಟ್ಟುವ ಋತುಕಾಲದಲ್ಲೇ ಪಂಪನ ಕಾಲದ ಹಸ್ತ ಹುಟ್ಟುತ್ತಿತ್ತು. ಹೆಸರು ಹಳೆಯದಾದರೂ, ಆ ಹೆಸರಿನ ಮೇಲೆ ಇಡಬೇಕಾದ ನಂಬಿಕೆಯನ್ನು ಪ್ರತಿಯೊಂದು ತಲೆಮಾರೂ ತನ್ನ ಹೊಲದಲ್ಲಿ ನಿಂತು ತಿದ್ದಿಕೊಂಡೇ ಬಂದಿರಬೇಕು.

ಈಗ ನಮ್ಮ ಒಣ ವಾರಕ್ಕೆ ಬರೋಣ. ಎರೆಮಣ್ಣು ನೀರನ್ನು ಹೀರಿ ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಬಿಳಿಜೋಳ, ಕಡಲೆ, ಕುಸುಬೆಗಳು ಬಿತ್ತಿದ ಮೇಲೆ ಮಳೆಯನ್ನು ಕಾಣದೆಯೂ ಆ ಹಸಿಯ ಬಲದಿಂದ, ಚಳಿಗಾಲದ ಇಬ್ಬನಿಯಲ್ಲಿ ಬೆಳೆದು ಬರಬಲ್ಲವು. ಆದರೆ ಮಳೆ ಸುರಿಯುತ್ತಲೇ ಇದ್ದರೆ ಕೆಸರಿನಲ್ಲಿ ಕುಂಟೆ ಹೊಡೆಯಲಾಗದು, ಕೂರಿಗೆ ಹೂಡಲಾಗದು. ಮಳೆ ಬಿದ್ದು, ನಾಲ್ಕು ದಿನ ಹೊಳವಾಗಿ, ಮಣ್ಣು ಹದಕ್ಕೆ ಬರಬೇಕು. ಆದ್ದರಿಂದ ಒಳ್ಳೆಯ ಮಳೆಯ ಬೆನ್ನಿಗೆ ಬರುವ ಒಣ ವಾರವೆಂದರೆ ನವಲಗುಂದಕ್ಕೆ ಬಿತ್ತಿಗೆಯ ಹಬ್ಬ. ಹೆಸರಿನ ರಾಶಿ ಉಳಿದವರಿಗೂ ಅದು ಬೇಕು. ಅದೇ ವಾರ ಕುಂದಗೋಳದಲ್ಲಿ ಶೇಂಗಾ ಒಣಗಿಸಲು ಅನುಕೂಲ. ನೆಲ ಗಟ್ಟಿಯಾದರೆ ಮಾತ್ರ ಗಿಡ ಕಿತ್ತಾಗ ಕಾಯಿ ಮಣ್ಣಿನಲ್ಲೇ ಉಳಿಯುತ್ತದೆ. ಕಲಘಟಗಿಯಲ್ಲಿ ಕಾಳು ಕಟ್ಟುತ್ತಿರುವ ಭತ್ತಕ್ಕೆ ಅದು ಆತಂಕದ ವಾರ. ಮಳೆಯೇ ಬಿದ್ದಿರದ ವರ್ಷದಲ್ಲಿ ಮಾತ್ರ ಒಣ ಹವೆ ಎಂಬ ಮಾತನ್ನು ನಾಲ್ಕೂ ಕಡೆಗಳಲ್ಲಿ ಒಂದೇ ಬಗೆಯ ಮೌನದಿಂದ ಕೇಳುತ್ತಾರೆ.

ಅಂಥ ಮೌನದ ವರ್ಷ 1876. ಮುಂಗಾರಿ ಅರೆಬರೆಯಾಯಿತು. ಹಿಂಗಾರಿಯನ್ನು ನಂಬಿ ಕುಳಿತವರಿಗೆ ಸೆಪ್ಟೆಂಬರ್, ಅಕ್ಟೋಬರ್ ಮಳೆಗಳೂ ಕೈಕೊಟ್ಟವು. ಒಂದು ಒಣ ವಾರದ ಬೆನ್ನಿಗೆ ಇನ್ನೊಂದು ಬಂತು. ಬಿತ್ತುವ ಹದವೇ ಬರಲಿಲ್ಲ. ಬರ 1878ರವರೆಗೆ ದಖ್ಖನನ್ನು ಕಾಡಿತು. ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಇಂದಿನ ಗದಗ, ಹಾವೇರಿಗಳೂ ಅದರೊಳಗಿದ್ದವು. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಈ ಜಿಲ್ಲೆಯ ಜನಸಂಖ್ಯೆ ಒಂದು ಲಕ್ಷಕ್ಕೂ ಮಿಕ್ಕಿ ಕುಗ್ಗಿತು. ಕುಂದಗೋಳ ಜಮಖಂಡಿ ಸಂಸ್ಥಾನದಲ್ಲಿದ್ದುದರಿಂದ ಅಲ್ಲಿಯ ಜನರ ಪಾಡು ಈ ಲೆಕ್ಕಕ್ಕೆ ಸಿಕ್ಕಿಲ್ಲ.

ಇಡೀ ದೇಶಕ್ಕೆ ಒಂದು ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ, ಈ ಬರಕ್ಕೆ ಒಂದೇ ವರ್ಷ ಮೊದಲು. ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್. ಮಳೆಯನ್ನು ಮುಂಚಿತವಾಗಿ ತಿಳಿಯಲಾದೀತೇ ಎಂಬ ಪ್ರಶ್ನೆ ಬರದ ಬಳಿಕ ಸರಕಾರದ ಪ್ರಶ್ನೆಯೂ ಆಯಿತು. ಹಿಮಾಲಯದ ಹಿಮಕ್ಕೂ ಮುಂಗಾರಿಗೂ ಇರುವ ನಂಟನ್ನು ಹಿಡಿದು ಬ್ಲಾನ್‌ಫರ್ಡ್ 1886ರಲ್ಲಿ ಇಡೀ ಋತುವಿನ ಮುನ್ಸೂಚನೆಯನ್ನು ಹೊರಡಿಸಿದ. 1904ರಲ್ಲಿ ಬಂದ ಗಿಲ್ಬರ್ಟ್ ವಾಕರ್, ನಮ್ಮ ಮಳೆಯ ಬೇರುಗಳು ದೂರದ ಶಾಂತಸಾಗರದವರೆಗೂ ಚಾಚಿವೆಯೆಂದು ತೋರಿಸಿದ. 1876ರ ಬರಗಾಲದ ಹಿಂದೆಯೂ ಅದೇ ಸಾಗರದ ಎಲ್ ನಿನೋ ಇತ್ತೆಂದು ಇಂದು ನಾವು ಬಲ್ಲೆವು. ಅಣ್ಣಿಗೇರಿಯಲ್ಲಿ ಎತ್ತಿನ ಬಾಯಿಗೆ ಮೇವಿಲ್ಲದಂತಾಗಲು ಎಷ್ಟೋ ಸಾವಿರ ಮೈಲಿ ದೂರದ ನೀರು ಬೆಚ್ಚಗಾದದ್ದು ಕಾರಣವಾಯಿತೆಂದರೆ, ಅಂದಿನ ರೈತನಿಗಿರಲಿ, ಅಂದಿನ ಕಲೆಕ್ಟರನಿಗೂ ನಂಬುವುದು ಕಷ್ಟವಾಗುತ್ತಿತ್ತು.

ರೈತರಿಗಾಗಿಯೇ ಹವಾಮಾನ ವರದಿಯನ್ನು ಬಾನುಲಿಯಲ್ಲಿ ಬಿತ್ತರಿಸುವ ಏರ್ಪಾಡು 1945ರಲ್ಲಿ ಆರಂಭವಾಯಿತು. ಧಾರವಾಡದ ಆಕಾಶವಾಣಿ 1950ರ ಜನವರಿ 8ರಂದು ದನಿ ಎತ್ತಿತು. ಆಮೇಲೆ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ಕಾಲುವೆಗಳು ಬಂದಾಗ, ಇನ್ನು ಮುಗಿಲನ್ನು ನೋಡುವ ಪಾಡು ತಪ್ಪಿತೆಂದು ನವಲಗುಂದ ಸೀಮೆ ಹಿಗ್ಗಿತ್ತು. ಆದರೆ ನೀರಿಗಿಂತ ಕರದ ಹೊರೆಯೇ ಹೆಚ್ಚೆಂದು ರೈತರು ಎದ್ದುನಿಂತರು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗುಂಡು ಹಾರಿ ಜೀವಗಳು ಹೋದವು. ಕಾಲುವೆಯ ನೀರಾದರೂ ಕಣಕುಂಬಿಯ ಕಾಡಿನಲ್ಲಿ ಬಿದ್ದ ಮಳೆಯೇ ಅಲ್ಲವೇ? ಮುಗಿಲಿನ ಹಂಗು ಪೂರ್ತಿ ಹರಿಯಲಿಲ್ಲ.

ಒಂದು ದಿನದಲ್ಲಿ ಎರಡೂವರೆ ಮಿಲಿಮೀಟರ್ ಮಳೆ ಬಿದ್ದರೆ ಇಲಾಖೆಯ ಲೆಕ್ಕದಲ್ಲಿ ಅದು ಮಳೆಯ ದಿನ. ರೈತನ ಲೆಕ್ಕ ಬೇರೆ: ಅವನು ಮಣ್ಣು ಕೆದರಿ, ಹಸಿ ಎಷ್ಟು ಆಳಕ್ಕೆ ಇಳಿದಿದೆಯೆಂದು ನೋಡುತ್ತಾನೆ. ಈ ಎರಡು ಲೆಕ್ಕಗಳನ್ನು ಕೂಡಿಸುವ ಕೆಲಸ ಈಚಿನ ದಶಕಗಳಲ್ಲಿ ನಡೆದಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಮೂಲಕ, ಯಾವ ಬೆಳೆಗೆ ಏನು ಮಾಡಬೇಕೆಂಬ ಸಲಹೆಯೂ ಮುನ್ಸೂಚನೆಯ ಜೊತೆಗೆ ಹೊರಡುತ್ತದೆ. ಇದು ದೊಡ್ಡ ಹೆಜ್ಜೆಯೆಂದೇ ನನ್ನ ಅಭಿಪ್ರಾಯ. ಹವೆ ಒಣಗಿದೆ ಎಂಬುದಷ್ಟರಿಂದಲೇ ಸುಖವೋ ದುಃಖವೋ ತಿಳಿಯದು. ನೆಲದೊಳಗೆ ಏನು ಉಳಿದಿದೆ, ಯಾವ ಮಳೆ ಹಿಂದೆ ಹೋಗಿದೆ, ಯಾವ ಬೆಳೆ ಮುಂದೆ ನಿಂತಿದೆ ಎಂದು ವಿಚಾರಿಸಿದಾಗಲೇ ಆ ಮಾತಿಗೆ ಅರ್ಥ ಬರುತ್ತದೆ. ಪೇಟೆಯ ನಾವೂ ವರದಿಯನ್ನು ಕೇಳುವಾಗ ಇಷ್ಟು ವಿಚಾರಿಸುವುದನ್ನು ಕಲಿತರೆ, ಸೀಗಿ ಹುಣ್ಣಿಮೆಯ ದಿನ ಹೊಲದಲ್ಲಿ ಚರಗ ಚೆಲ್ಲುವವರ ಮನಸ್ಸು ನಮಗೆ ಇನ್ನಷ್ಟು ತಿಳಿದೀತು.