ಖಿಚುಡಿ ಇಸ್ಕೂಲಿನ ಗಡಿಯಾರ: ಕೋಲ್ಕತ್ತದಲ್ಲಿ ಶಿಶುಪಾಲನೆ, ಶಿಶುಶಿಕ್ಷಣ ನಡೆದುಬಂದ ದಾರಿ

1855ರಲ್ಲಿ ಕೋಲ್ಕತ್ತದ ಆಸುಪಾಸಿನಲ್ಲಿ ಎರಡು ಸಂಗತಿ ನಡೆದವು. ಈಶ್ವರಚಂದ್ರ ವಿದ್ಯಾಸಾಗರರು ‘ವರ್ಣಪರಿಚಯ’ ಎಂಬ ತೆಳ್ಳನೆಯ ಪುಸ್ತಕವನ್ನು ಅಚ್ಚು ಹಾಕಿಸಿದರು. ಅಂದಿನಿಂದ ತಲೆಮಾರುಗಟ್ಟಲೆ ಬಂಗಾಳಿ ಮಕ್ಕಳು ಅಕ್ಷರ ತಿದ್ದಿದ್ದು ಅದರಲ್ಲೇ. ಅದೇ ವರ್ಷ, ನಗರಕ್ಕೆ ಹತ್ತಿರದಲ್ಲೇ ಹೂಗ್ಲಿ ದಂಡೆಯ ರಿಶ್ರಾದಲ್ಲಿ ದೇಶದ ಮೊದಲ ಸೆಣಬಿನ ಗಿರಣಿ ಶುರುವಾಯಿತು. ಒಂದು ಕಡೆ ಸ್ಲೇಟು ಹಿಡಿದ ಮಗು, ಇನ್ನೊಂದು ಕಡೆ ಕಂಕುಳಲ್ಲಿ ಕೂಸು ಎತ್ತಿಕೊಂಡು ಗಿರಣಿಗೆ ಹೋಗುವ ತಾಯಿ. ಆರು ವರ್ಷದೊಳಗಿನ ಮಕ್ಕಳ ಬಗ್ಗೆ ನಮ್ಮ ದೇಶ ಮಾಡಿದ ಕಾನೂನು, ಯೋಜನೆ, ನೀತಿಗಳನ್ನೆಲ್ಲ ಓದುತ್ತ ಹೋದಂತೆ ನನಗೆ ಅನ್ನಿಸಿದ್ದು ಇದು: ಈ ಎರಡು ದಾರಿ ಇನ್ನೂ ಒಂದನ್ನೊಂದು ಪೂರ್ತಿಯಾಗಿ ಕೂಡಿಲ್ಲ. ಮಗುವಿಗೆ ಕಲಿಸುವ ಮಾತು ಒಂದು ಇಲಾಖೆಯದು, ತಾಯಿಯ ದುಡಿಮೆಯ ಮಾತು ಇನ್ನೊಂದರದು. ಮಗುವಿನ ಇಡೀ ದಿನ ಯಾರ ಹೊಣೆ ಎಂಬ ಪ್ರಶ್ನೆ ಮಾತ್ರ ನಡುವೆ ಉಳಿದುಬಿಟ್ಟಿದೆ.

ಸ್ಲೇಟಿನ ದಾರಿಯಲ್ಲಿ ಬಂಗಾಳ ಶ್ರೀಮಂತ. ಸರಸ್ವತಿ ಪೂಜೆಯ ದಿನ ಅಲ್ಲಿ ಪುಟಾಣಿಗಳಿಗೆ ಮೊದಲ ಸಲ ಬಳಪ ಹಿಡಿಸುವ ‘ಹಾತೇಖಡಿ’ ಆಗುತ್ತದೆ, ನಮ್ಮ ಅಕ್ಷರಾಭ್ಯಾಸದ ಹಾಗೆಯೇ. ಮಗುವಿನ ಬಾಯಿಗೆ ಪಾಠ ತುರುಕುವ ಶಿಕ್ಷಣವನ್ನು ರವೀಂದ್ರನಾಥ ಠಾಕೂರರು 1918ರ ‘ತೋತಾಕಾಹಿನಿ’ಯಲ್ಲಿ ಒಂದು ಗಿಳಿಯ ಕಥೆಯಾಗಿ ಖಂಡಿಸಿದರು. 1930ರಲ್ಲಿ ಅವರೇ ‘ಸಹಜ ಪಾಠ’ ಬರೆದಾಗ ಚಿತ್ರ ಬಿಡಿಸಿದವರು ನಂದಲಾಲ್ ಬೋಸ್. ದೇಶದ ದೊಡ್ಡ ಕವಿ, ದೊಡ್ಡ ಚಿತ್ರಕಾರ ಇಬ್ಬರೂ ಸೇರಿ ಎಳೆಯರ ಮೊದಲ ಪುಸ್ತಕ ಮಾಡಿಕೊಡುವುದು ಸಣ್ಣ ಮಾತಲ್ಲ. ಕಲಿಸುವವರು ಬೇಕಲ್ಲ ಎಂದು ಯೋಚಿಸಿದವರು ಅಬಲಾ ಬೋಸ್. 1919ರಲ್ಲಿ ನಾರೀ ಶಿಕ್ಷಾ ಸಮಿತಿ ಕಟ್ಟಿದ ಅವರು, ವಿಧವೆಯರಿಗೆ ತರಬೇತಿ ಕೊಟ್ಟು ಶಿಕ್ಷಕಿಯರನ್ನಾಗಿಸಲು 1925ರಲ್ಲಿ ವಿದ್ಯಾಸಾಗರ ಬಾಣೀ ಭವನ ತೆರೆದರು. ಚಿಕ್ಕ ಮಕ್ಕಳಿಗೆ ಕಲಿಸುವುದು ಹೆಣ್ಣಿಗೆ ಅನ್ನ ಕೊಡುವ, ಗೌರವ ತರುವ ಉದ್ಯೋಗವಾಗಬೇಕು ಎಂಬ ಯೋಚನೆ ಅದರಲ್ಲಿತ್ತು. ಮುಂದೆ ನಮ್ಮ ಸರ್ಕಾರಗಳು ಇದೇ ಮಾತನ್ನು ಮರೆತವು.

ಗಿರಣಿಯ ದಾರಿ ಬೇರೆ. 1922–23ರಲ್ಲಿ ಡಾ. ಡಾಗ್ಮಾರ್ ಕರ್ಜೆಲ್ ಎಂಬ ವೈದ್ಯೆ ಬಂಗಾಳದ ಕೈಗಾರಿಕೆಗಳಲ್ಲಿ ಹೆಂಗಸರ ಸ್ಥಿತಿಯನ್ನು ಅಧ್ಯಯನ ಮಾಡಿದರು. ಸೆಣಬಿನ ಗಿರಣಿಗಳ ಒಳಗೆ ಅವರು ಕಂಡದ್ದು ಎದೆ ಕಲಕುವಂಥದ್ದು. ಕೂಸುಗಳು ಗೋಣಿತಾಟಿನ ಮೇಲೆ, ಬಾಬಿನ್ ತುಂಬುವ ಪೆಟ್ಟಿಗೆಗಳಲ್ಲಿ ಮಲಗಿದ್ದವು. ಪಕ್ಕದಲ್ಲೇ ತಿರುಗುವ ಯಂತ್ರ, ಕಿವಿಗಡಚಿಕ್ಕುವ ಸದ್ದು, ಉಸಿರಿನ ತುಂಬ ಸೆಣಬಿನ ಧೂಳು. ಹೊಲದಲ್ಲಿ ಕೆಲಸ ಮಾಡುವ ನಮ್ಮ ಹೆಂಗಸರು ಬೇವಿನ ಮರಕ್ಕೆ ಜೋಲಿ ಕಟ್ಟಿ ಕೂಸನ್ನು ಮಲಗಿಸುತ್ತಾರೆ. ಗಿರಣಿಯಲ್ಲಿ ಜೋಲಿ ಕಟ್ಟಲು ಮರವೂ ಇರಲಿಲ್ಲ.

1931ರಲ್ಲಿ ವರದಿ ಕೊಟ್ಟ ರಾಯಲ್ ಕಾರ್ಮಿಕ ಆಯೋಗ ಕಾರ್ಖಾನೆಗಳಲ್ಲಿ ಶಿಶುಪಾಲನಾ ಕೊಠಡಿ ಬೇಕೆಂದಿತು. 1939ರಲ್ಲಿ ಬಂಗಾಳಕ್ಕೆ ಹೆರಿಗೆ ಸೌಲಭ್ಯದ ಕಾಯ್ದೆ ಬಂತು. ಸ್ವಾತಂತ್ರ್ಯ ಬಂದ ಮರುವರ್ಷದ ಕಾರ್ಖಾನೆ ಕಾಯ್ದೆ ಶಿಶುಪಾಲನಾ ಕೊಠಡಿಯನ್ನು ಕಡ್ಡಾಯ ಮಾಡಿತು. 1951ರ ತೋಟ ಕಾರ್ಮಿಕರ ಕಾಯ್ದೆ ಉತ್ತರ ಬಂಗಾಳದ ಚಹಾ ತೋಟಗಳಿಗೂ, ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೂ ಅದೇ ನಿಯಮ ತಂದಿತು. ಓದಲು ಚೆನ್ನಾಗಿದೆ. ಆದರೆ ಈ ಕಾನೂನುಗಳಲ್ಲೆಲ್ಲ ಒಂದು ಲೆಕ್ಕದ ದೋಷವಿತ್ತು. ಇಂತಿಷ್ಟು *ಹೆಂಗಸರು* ಕೆಲಸಕ್ಕಿದ್ದರೆ ಮಾತ್ರ ಕೊಠಡಿ, ಆಯಾ, ಹಾಲು. ಹಾಗಾಗಿ ಮಗುವಿನ ಖರ್ಚು ತಾಯಿಯ ಹೆಸರಿಗೇ ಅಂಟಿಕೊಂಡಿತು. ಹೆಂಗಸರನ್ನು ಕಡಿಮೆ ಮಾಡಿಕೊಂಡರೆ ಖರ್ಚೂ ಕಡಿಮೆ ಎಂಬುದು ಮಾಲೀಕರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸೆಣಬಿನ ಗಿರಣಿಗಳಲ್ಲಿ ಹೆಂಗಸರ ಪಾಲು ಸ್ವಾತಂತ್ರ್ಯಾನಂತರ ಕುಸಿಯುತ್ತಲೇ ಹೋಯಿತು. ಹೊಸ ಯಂತ್ರಗಳು, ರಾತ್ರಿ ಪಾಳಿಯ ನಿಷೇಧ ಹೀಗೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೂ ಈ ಲೆಕ್ಕವನ್ನು ಮರೆಯುವಂತಿಲ್ಲ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದಾಗ ಗಂಡು ಹೆಣ್ಣು ಎನ್ನದೆ ಒಟ್ಟು 50 ಜನ ಕೆಲಸಗಾರರಿದ್ದರೆ ಶಿಶುಪಾಲನಾ ಕೇಂದ್ರ ಇರಲೇಬೇಕು ಎಂದು ಬರೆದರು. ಇಷ್ಟು ಸಣ್ಣ ಮಾತು ಹೊಳೆಯಲು ಏಳು ದಶಕ ಬೇಕಾಯಿತು.

ಎರಡೂ ದಾರಿಗಳನ್ನು ಕೂಡಿಸುವ ಮೊದಲ ದೊಡ್ಡ ಪ್ರಯತ್ನ ಶುರುವಾದದ್ದು ಬಂಗಾಳದಲ್ಲಲ್ಲ. ಮಹಾರಾಷ್ಟ್ರದ ಬೋರ್ಡಿ, ಕೋಸಬಾಡಗಳಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಆದಿವಾಸಿ ಮಕ್ಕಳ ಮನೆಯ ಅಂಗಳಕ್ಕೇ ಶಾಲೆಯನ್ನು ಒಯ್ದರು. ‘ಅಂಗನವಾಡಿ’ ಎಂಬ ಹೆಸರು ಬಂದದ್ದೇ ಆ ಅಂಗಳದಿಂದ. 1972ರಲ್ಲಿ ಮೀನಾ ಸ್ವಾಮಿನಾಥನ್ ನೇತೃತ್ವದ ಅಧ್ಯಯನ ತಂಡ ಎಳೆಯ ಮಗುವಿನ ಆಹಾರ, ಆರೋಗ್ಯ, ಆಟ, ಕಲಿಕೆ ಎಲ್ಲವೂ ಒಂದೇ ಸೂರಿನಡಿ ಸಿಗಬೇಕೆಂದು ವಾದಿಸಿತು. 1974ರಲ್ಲಿ ಮಕ್ಕಳ ರಾಷ್ಟ್ರೀಯ ನೀತಿ ಬಂತು. 1975ರ ಅಕ್ಟೋಬರ್ 2ರಂದು 33 ಕಡೆ ಅಂಗನವಾಡಿ ಕೇಂದ್ರಗಳ ಮೂಲಕ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ಆ 33ರಲ್ಲಿ ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಒಂದು.

ಅದೇ ಹೊತ್ತಿಗೆ, 1974ರಲ್ಲಿ, ಕೋಲ್ಕತ್ತದ ದಕ್ಷಿಣದ ಅಂಚಿನಲ್ಲಿ ಮಕ್ಕಳ ವೈದ್ಯ ಡಾ. ಸಮೀರ್ ಚೌಧುರಿ ‘ಚೈಲ್ಡ್ ಇನ್ ನೀಡ್ ಇನ್‌ಸ್ಟಿಟ್ಯೂಟ್’ ಆರಂಭಿಸಿದರು. ಎಲ್ಲರೂ ಅದನ್ನು ‘ಸಿನಿ’ ಎಂದೇ ಕರೆಯುತ್ತಾರೆ. ಅಪೌಷ್ಟಿಕತೆಯಿಂದ ಬಳಲುವ ಮಗುವಿಗೆ ಮದ್ದು ಕೊಟ್ಟು ಮನೆಗೆ ಕಳಿಸಿದರೆ ಅದು ಮತ್ತೆ ಅದೇ ಸ್ಥಿತಿಯಲ್ಲಿ ಬರುತ್ತದೆ. ಅದಕ್ಕೇ ಸಿನಿಯ ಪುನಶ್ಚೇತನ ಕೇಂದ್ರದಲ್ಲಿ ಮಗುವಿನ ಜತೆ ತಾಯಿಯೂ ಉಳಿಯುತ್ತಾಳೆ. ಊರಲ್ಲೇ ಸಿಗುವ ಧಾನ್ಯ, ಬೇಳೆ ಹುರಿದು ಪುಡಿ ಮಾಡಿದ ‘ನ್ಯೂಟ್ರಿಮಿಕ್ಸ್’ ಅಲ್ಲಿಯ ಮುಖ್ಯ ಮದ್ದು. ನಮ್ಮ ಮನೆಗಳ ರಾಗಿ ಸರಿ ಹಿಟ್ಟಿನ ನೆಂಟ ಎನ್ನಬಹುದು.

ಪಶ್ಚಿಮ ಬಂಗಾಳದಲ್ಲಿ ಈಗ ಸುಮಾರು 1.19 ಲಕ್ಷ ಅಂಗನವಾಡಿಗಳಿವೆ. ಕೋಲ್ಕತ್ತದ ಓಣಿಗಳಲ್ಲಿ ಅವು ಬಾಡಿಗೆ ಕೋಣೆಗಳಲ್ಲಿ, ಪಾಡಾ (ಕೇರಿ) ಕ್ಲಬ್ಬುಗಳ ಮೂಲೆಯಲ್ಲಿ ನಡೆಯುತ್ತವೆ. ಜನ ಅವಕ್ಕೆ ಕೊಟ್ಟ ಹೆಸರು ‘ಖಿಚುಡಿ ಇಸ್ಕೂಲ್’. ಹೆಸರಿನಲ್ಲಿ ಪ್ರೀತಿಯಿದೆ, ಒಂದು ತೀರ್ಪೂ ಇದೆ. ಬಿಸಿ ಖಿಚಡಿ ಸಿಗುವುದು ನಿಜ. ಇಸ್ಕೂಲು ಎಷ್ಟರಮಟ್ಟಿಗೆ ಎಂಬುದೇ ಪ್ರಶ್ನೆ. ಅಮರ್ತ್ಯ ಸೇನ್ ತಮ್ಮ ನೊಬೆಲ್ ಹಣದಿಂದ ಕಟ್ಟಿದ ಪ್ರತೀಚಿ ಟ್ರಸ್ಟ್ 2009ರಲ್ಲಿ ಇಡೀ ಒಂದು ವರದಿಯನ್ನು ಬಂಗಾಳದ ಈ ಕೇಂದ್ರಗಳಿಗಾಗಿಯೇ ಮೀಸಲಿಟ್ಟದ್ದು ಆ ಪ್ರಶ್ನೆಯ ತೂಕ ಗೊತ್ತಿದ್ದುದರಿಂದ.

ಇನ್ನು ಹಕ್ಕಿನ ಮಾತು. ಸಂವಿಧಾನದ 45ನೇ ವಿಧಿ ಮೂಲದಲ್ಲಿ 14 ವರ್ಷದವರೆಗಿನ *ಎಲ್ಲ* ಮಕ್ಕಳ ಮಾತಾಡಿತ್ತು, ಎಳೆಗೂಸುಗಳನ್ನು ಹೊರಗಿಟ್ಟಿರಲಿಲ್ಲ. 2002ರ 86ನೇ ತಿದ್ದುಪಡಿ ಆರರಿಂದ 14ರವರೆಗಿನ ಮಕ್ಕಳಿಗೆ ಶಿಕ್ಷಣವನ್ನು ಮೂಲಭೂತ ಹಕ್ಕಾಗಿ ಮಾಡಿತು. ಆರರ ಕೆಳಗಿನವರಿಗೆ ಸರ್ಕಾರ ‘ಪ್ರಯತ್ನಿಸತಕ್ಕದ್ದು’ ಎಂದಷ್ಟೇ ಹೇಳಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 11ನೇ ಸೆಕ್ಷನ್ ಇನ್ನೂ ಸಡಿಲ. ಮೂರು ದಾಟಿದ ಮಕ್ಕಳಿಗೆ ಸರ್ಕಾರ ವ್ಯವಸ್ಥೆ ಮಾಡ‘ಬಹುದು’. ಮಿದುಳು ಅತಿ ವೇಗವಾಗಿ ಬೆಳೆಯುವ ವಯಸ್ಸಿಗೇ ಕಾನೂನಿನಲ್ಲಿ ಅತಿ ದುರ್ಬಲ ಕ್ರಿಯಾಪದ ಸಿಕ್ಕಿತು. ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ದೊಡ್ಡ ನೀತಿಲೋಪ ಇದೇ, ಇವತ್ತಿಗೂ ತಿದ್ದದೆ ಉಳಿದಿರುವುದು.

ಆ ಕೊರತೆಯನ್ನು ಸ್ವಲ್ಪಮಟ್ಟಿಗಾದರೂ ತುಂಬಿದ್ದು ನ್ಯಾಯಾಲಯ. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2006ರ ಡಿಸೆಂಬರ್ 13ರಂದು ದೇಶದಲ್ಲಿ ಕನಿಷ್ಠ 14 ಲಕ್ಷ ಅಂಗನವಾಡಿಗಳಿರಬೇಕೆಂದೂ, ಆರು ವರ್ಷದೊಳಗಿನ 40 ಮಕ್ಕಳಿರುವ ಜನವಸತಿ ಕೇಳಿದರೆ ಮೂರು ತಿಂಗಳೊಳಗೆ ಕೇಂದ್ರ ಕೊಡಬೇಕೆಂದೂ ಆದೇಶಿಸಿತು. ಓದುಗರು ಇಲ್ಲಿ ಕ್ಷಣ ನಿಲ್ಲಬೇಕು. ಅದಕ್ಕೆ ಆರೇ ದಿನ ಮೊದಲು, ಡಿಸೆಂಬರ್ 7ರಂದು, ಅದೇ ಕೋರ್ಟಿನ ಇನ್ನೊಂದು ಪೀಠ ಕರ್ನಾಟಕದಿಂದ ಹೋದ ಅಮೀರ್‌ಬಿ ಪ್ರಕರಣದಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರಿ ಹುದ್ದೆಯಲ್ಲಿರುವವರಲ್ಲ ಎಂದು ತೀರ್ಪು ಕೊಟ್ಟಿತ್ತು. ಒಂದೇ ವಾರದಲ್ಲಿ ಮಗುವಿನ ಹಕ್ಕು ದೊಡ್ಡದಾಯಿತು, ಆ ಹಕ್ಕನ್ನು ತಲುಪಿಸುವ ಹೆಂಗಸು ಮಾತ್ರ ‘ಗೌರವಧನ’ದವಳಾಗಿಯೇ ಉಳಿದಳು. ಕೇಂದ್ರ ಸರ್ಕಾರ 2018ರಲ್ಲಿ ಏರಿಸಿದ ಮೇಲೂ ಅದರ ಪಾಲು ಕಾರ್ಯಕರ್ತೆಗೆ ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250. ಮಿಕ್ಕದ್ದು ಆಯಾ ರಾಜ್ಯದ ಮನಸ್ಸು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಇವರಿಗೆ ಗ್ರ್ಯಾಚುಟಿ ಸಲ್ಲಬೇಕು ಎಂದದ್ದು ಬಾಗಿಲು ತುಸು ತೆರೆದಂತೆ. ವಿಧವೆಯರ ಕೈಗೆ ಉದ್ಯೋಗ ಕೊಡಲು ಹೊರಟ ಅಬಲಾ ಬೋಸರು ಇದು ಅನ್ನ ಕೊಡುವ ಉದ್ಯೋಗವಾಗಬೇಕು ಎಂಬ ಮಾತನ್ನು ಒಂದು ಶತಮಾನದ ಹಿಂದೆಯೇ ಕಂಡುಕೊಂಡಿದ್ದರು.

ಕಲಿಕೆಯ ಕಡೆ ಕಳೆದ ದಶಕದಲ್ಲಿ ಚಲನೆ ಹೆಚ್ಚಾಗಿದೆ. ಬಂಗಾಳದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಐದು ದಾಟಿದ ಮಕ್ಕಳಿಗೆ ಪೂರ್ವಪ್ರಾಥಮಿಕ ತರಗತಿ ಬಂತು. ಅದರ ಪುಸ್ತಕದ ಹೆಸರು ‘ಕುಟುಂ ಕಾಟಾಂ’. ಚಿತ್ರಕಾರ ಅವನೀಂದ್ರನಾಥ ಠಾಕೂರರು ಒಣಗಿದ ಬೇರು, ಕೊಂಬೆಗಳಲ್ಲಿ ಹಕ್ಕಿ, ಮೃಗ ಕಂಡು ಮಾಡುತ್ತಿದ್ದ ಗೊಂಬೆಗಳ ಹೆಸರದು. ಆಯ್ದ ಅಂಗನವಾಡಿಗಳು ‘ಶಿಶು ಆಲಯ’ಗಳಾಗಿ ಬಣ್ಣ, ಆಟಿಕೆ, ಹಾಡುಗಳನ್ನು ಕಂಡವು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟರವರೆಗಿನ ವಯಸ್ಸನ್ನು ಒಂದೇ ಬುನಾದಿ ಹಂತ ಎಂದಿತು. ಅದರ ಬೆನ್ನಿಗೇ ಎಳೆಯರು ಶಾಲೆಗೋ ಅಂಗನವಾಡಿಗೋ ಎಂಬ ಹಳೆಯ ಜಗಳವೂ ಬಂತು. 2024ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆದಾಗ ನಮ್ಮ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಮಕ್ಕಳನ್ನು ಶಾಲೆ ಸೆಳೆದುಕೊಂಡರೆ ಅಂಗನವಾಡಿಯಲ್ಲಿ ಉಳಿಯುವುದೇನು ಎಂಬ ಅವರ ಭಯ ನ್ಯಾಯವಾದದ್ದು. ತಮಿಳುನಾಡಿನ 320 ಅಂಗನವಾಡಿಗಳಲ್ಲಿ ನಡೆದ ಪ್ರಯೋಗ ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ. ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ಅವುಗಳಲ್ಲಿ ಅರ್ಧದಷ್ಟು ಕೇಂದ್ರಗಳಿಗೆ ಪಾಠಕ್ಕೆಂದೇ ಅರೆಹೊತ್ತಿನ ಇನ್ನೊಬ್ಬ ಕಾರ್ಯಕರ್ತೆಯನ್ನು ಕೊಟ್ಟು ನೋಡಿದರು. ಕಲಿಕೆಯ ಸಮಯ ಇಮ್ಮಡಿಯಾಯಿತು, ಲೆಕ್ಕ ಮತ್ತು ಭಾಷೆಯಲ್ಲಿ ಮಕ್ಕಳು ಮುಂದೆ ಬಂದರು. ತೀವ್ರ ಅಪೌಷ್ಟಿಕತೆಯೂ ಇಳಿಯಿತು, ಏಕೆಂದರೆ ಹಳೆಯ ಕಾರ್ಯಕರ್ತೆಗೆ ಆಹಾರ, ಆರೋಗ್ಯ ನೋಡಲು ಬಿಡುವು ಸಿಕ್ಕಿತು. ಹೊಸ ಕಟ್ಟಡ, ಹೊಸ ಪುಸ್ತಕ ಯಾವುದೂ ಬೇಕಾಗಲಿಲ್ಲ.

ಇಷ್ಟಾದರೂ ತಾಯಿಯ ಗಡಿಯಾರ ಹಾಗೇ ಇದೆ. ನಸುಕಿನಲ್ಲಿ ಕ್ಯಾನಿಂಗ್, ಲಕ್ಷ್ಮೀಕಾಂತಪುರದ ಕಡೆಯಿಂದ ಬರುವ ಲೋಕಲ್ ರೈಲುಗಳಲ್ಲಿ ಮನೆಗೆಲಸದ ಹೆಂಗಸರು ತುಂಬಿರುತ್ತಾರೆ. ಗಡಿಯಾ, ಜಾದವಪುರ, ಢಾಕುರಿಯಾ, ಬಾಲಿಗಂಜ್‌ಗಳಲ್ಲಿ ಇಳಿದು ನಾಲ್ಕೈದು ಮನೆ ಮುಗಿಸಿ ಅವರು ಮರಳುವುದು ಹೊತ್ತು ಇಳಿದ ಮೇಲೆ. ಖಿಚುಡಿ ಇಸ್ಕೂಲು ನಡೆಯುವುದು ಬೆಳಗಿನ ಕೆಲವೇ ಗಂಟೆ. 50 ಕೆಲಸಗಾರರ ಕಾನೂನು ಇವರನ್ನು ಮುಟ್ಟುವುದೇ ಇಲ್ಲ. ಒಬ್ಬೊಬ್ಬಳಿಗೆ ಐದೈದು ಮಾಲೀಕರು, ಒಬ್ಬೊಬ್ಬ ಮಾಲೀಕನಿಗೆ ಒಬ್ಬಳೇ ಕೆಲಸದವಳು. 2018ರಲ್ಲಿ ಪಶ್ಚಿಮಬಂಗ ಗೃಹ ಪರಿಚಾರಿಕಾ ಸಮಿತಿಗೆ ಕಾರ್ಮಿಕ ಸಂಘದ ನೋಂದಣಿ ಸಿಕ್ಕಿತು. ಇವರೂ ಕಾರ್ಮಿಕರೇ ಎಂದು ಕಾಗದದ ಮೇಲೆ ಒಪ್ಪಿದ್ದಾಯಿತು. ಕಾರ್ಮಿಕಳ ಮಗುವಿಗೆ ಸಲ್ಲಬೇಕಾದದ್ದು ಇನ್ನೂ ಸಂದಿಲ್ಲ.

ತಾಯಿಯ ಗಡಿಯಾರ ನೋಡಿ ಬಾಗಿಲು ತೆರೆದವರು ಈ ನಗರದಲ್ಲಿ ಇಲ್ಲವೆಂದಲ್ಲ. ಕಾಳಿಘಾಟಿನ ಲೈಂಗಿಕ ಕಾರ್ಮಿಕರ ಓಣಿಯಲ್ಲಿ ಊರ್ಮಿ ಬಸು 2000ದಲ್ಲಿ ‘ನ್ಯೂ ಲೈಟ್’ ತೆರೆದಾಗ ಅದಕ್ಕೆ ರಾತ್ರಿಯ ಆಸರೆಯೂ ಸೇರಿತ್ತು. ಆ ತಾಯಂದಿರ ಕೆಲಸದ ಹೊತ್ತು ರಾತ್ರಿ. ಮಗುವಿಗೆ ಮಡಿಲು ಬೇಕಾದದ್ದೂ ಆಗಲೇ.

ಕ್ಯಾನಿಂಗ್‌ನಿಂದ ಮುಂದೆ ಸುಂದರಬನ. ಅಲ್ಲಿ ಮನೆಗೊಂದು ಕೊಳ. ಜಾರ್ಜ್ ಇನ್‌ಸ್ಟಿಟ್ಯೂಟ್ ಎಂಬ ಸಂಶೋಧನಾ ಸಂಸ್ಥೆ ಮತ್ತು ಸಿನಿ 2016ರಿಂದ 2019ರ ನಡುವಿನ ಸಾವುಗಳನ್ನು ಲೆಕ್ಕ ಹಾಕಿದಾಗ ಒಂದರಿಂದ ನಾಲ್ಕು ವರ್ಷದೊಳಗಿನ ಪ್ರತಿ ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಸುಮಾರು 244 ಮಕ್ಕಳು ನೀರಿನಲ್ಲಿ ಮುಳುಗಿ ಸತ್ತದ್ದು ಗೊತ್ತಾಯಿತು. ಹೆಚ್ಚಿನವು ಮನೆಯ ಹತ್ತಿರದ ಕೊಳದಲ್ಲಿ, ದೊಡ್ಡವರು ಕೆಲಸದಲ್ಲಿರುವ ಹಗಲು ಹೊತ್ತಿನಲ್ಲಿ. ಗಡಿಯಾಚೆಯ ಬಾಂಗ್ಲಾದೇಶ ಇದಕ್ಕೆ ಮದ್ದು ಕಂಡುಕೊಂಡಿದೆ. ಹಳ್ಳಿಯ ಹೆಂಗಸೊಬ್ಬಳ ಮನೆಯಲ್ಲೇ ಬೆಳಗ್ಗೆ ಒಂಬತ್ತರಿಂದ ಒಂದರವರೆಗೆ ಮಕ್ಕಳನ್ನು ನೋಡಿಕೊಳ್ಳುವ ‘ಆಂಚಲ್’ ಕೇಂದ್ರಗಳಿಗೆ ಹೋದ ಮಕ್ಕಳಲ್ಲಿ ಮುಳುಗಿ ಸಾಯುವುದು ಬಹುಪಾಲು ತಗ್ಗಿತು. ಸಿನಿ ಈಗ ಸುಂದರಬನದಲ್ಲಿ ‘ಕವಚ’ ಎಂಬ ಹೆಸರಿನಲ್ಲಿ ಅಂಥ ಕೇಂದ್ರಗಳನ್ನು ನಡೆಸುತ್ತಿದೆ. ಅಲ್ಲಿ ಹಾಡು, ಆಟ, ಊಟ ಎಲ್ಲ ಇವೆ. ಎಲ್ಲಕ್ಕಿಂತ ಮೊದಲು ಮಗುವಿನ ಮೇಲೆ ಒಂದು ಜೋಡಿ ಕಣ್ಣಿದೆ.

ನಮ್ಮಲ್ಲಿ ಉದ್ಯೋಗ ಖಾತ್ರಿ ಯೋಜನೆಯಲ್ಲಿ ದುಡಿಯುವ ತಾಯಂದಿರಿಗಾಗಿ 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯಲು ಹೊರಟಾಗ ನನಗೆ ಸಂತೋಷವಾಗಿತ್ತು. ಆದರೆ ಆರೈಕೆದಾರರ ಕೂಲಿಯನ್ನು 100 ದಿನದ ಲೆಕ್ಕಕ್ಕೆ ಕಟ್ಟಿ ಸರದಿಯಲ್ಲಿ ಬದಲಿಸುವ ಏರ್ಪಾಡು ಎಳೆಗೂಸಿಗೆ ಒಗ್ಗದು. ಅದು ಮುಖ ಗುರುತಿಸಿ ಅಳು ನಿಲ್ಲಿಸುವ ವಯಸ್ಸು. ಕೇಂದ್ರದ ‘ಪಾಲನಾ’ ಯೋಜನೆ ದೇಶದಲ್ಲಿ 17,000 ಅಂಗನವಾಡಿಗಳಿಗೆ ಶಿಶುಪಾಲನೆಯನ್ನು ಜೋಡಿಸುವ ಗುರಿ ಇಟ್ಟುಕೊಂಡಿತು. ಇರುವ ಅಂಗನವಾಡಿಗಳು ಸುಮಾರು 14 ಲಕ್ಷ. ಎಂದರೆ ಎಂಬತ್ತಕ್ಕೆ ಒಂದು.

ಆ ಒಂದನ್ನು ಎಲ್ಲಿ ತೆರೆಯಬೇಕು ಎಂಬುದೂ ಯೋಚಿಸಬೇಕಾದ ಮಾತೇ. ಬಾಲಿಗಂಜ್‌ನಲ್ಲೋ ಕ್ಯಾನಿಂಗ್‌ನಲ್ಲೋ? ಮೊಲೆಯುಣ್ಣುವ ಕೂಸು ತಾಯಿಯ ಕೆಲಸದ ಹತ್ತಿರವಿರಬೇಕು. ಎರಡು ವರ್ಷದ ಮಗುವನ್ನು ಆ ರೈಲಿನ ನೂಕುನುಗ್ಗಲಿನಲ್ಲಿ ತರುವುದು ಆಗದ ಮಾತು. ಅದಕ್ಕೆ ಊರಲ್ಲೇ, ಕೊಳದಿಂದ ದೂರ, ಬೇಲಿ ಹಾಕಿದ ಮನೆ ಬೇಕು. ಎರಡೂ ಬೇಕು ಎಂದೇ ನನ್ನ ವಾದ. ಊರಿನ ಮನೆಯ ಬಾಗಿಲು ಮೊದಲ ರೈಲಿಗೆ ಮುಂಚೆ ತೆರೆಯಬೇಕು, ತಾಯಿ ಇಳಿಯುವ ರೈಲು ಬಂದ ಮೇಲೆ ಮುಚ್ಚಬೇಕು. ಆ ಹತ್ತು ಹನ್ನೆರಡು ಗಂಟೆಗೆ ಪಾಳಿಯಲ್ಲಿ ಕೂರುವ ಇಬ್ಬರು ಹೆಂಗಸರಿಗೆ ಗೌರವಧನವಲ್ಲ, ಸಂಬಳ ಕೊಡಬೇಕು.