ಗುರುತು ಉಳಿಯಿತು, ಪುಟ ಎಲ್ಲಿ?

ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದಾಗ ಅವಳ ಮಗ ಲ್ಯಾಪ್‌ಟಾಪಿನ ಮುಂದೆ ತಲೆಯ ಮೇಲೆ ಕೈಹೊತ್ತು ಕುಳಿತಿದ್ದ. ತಾಲ್ಲೂಕಿನ ಶಾಸನಗಳ ಬಗ್ಗೆ ಅವನು ಕಾಲೇಜಿಗೆ ಪ್ರಬಂಧ ಬರೆದು ಕೊಡಬೇಕಿತ್ತು. ಎರಡು ತಿಂಗಳು ಹುಡುಕಿ ತೆರೆದಿಟ್ಟಿದ್ದ ನಲವತ್ತಕ್ಕೂ ಹೆಚ್ಚು ಟ್ಯಾಬುಗಳನ್ನು, ಯಂತ್ರ ನಿಧಾನವಾಯಿತೆಂದು ಒಂದೇ ಏಟಿಗೆ ಬುಕ್‌ಮಾರ್ಕ್ ಮಾಡಿ ಮುಚ್ಚಿಬಿಟ್ಟಿದ್ದ. ಕಂಟ್ರೋಲ್, ಶಿಫ್ಟ್, ಡಿ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕ್ಷಣದಲ್ಲಿ ಮುಗಿಯುವ ಕೆಲಸ ಅದು.

‘ಎಲ್ಲಾ ಉಳಿಸಿದ್ದೀನಿ ಮಾಮು, ಯಾವುದು ಯಾವುದು ಅಂತಾನೇ ಗೊತ್ತಾಗ್ತಿಲ್ಲ’ ಎಂದ.

ಫೋಲ್ಡರಿನ ಹೆಸರು ‘ಹೊಸ ಫೋಲ್ಡರ್’. ಅದರೊಳಗೆ ‘ಮುಖಪುಟ’, ‘ಡೌನ್‌ಲೋಡ್’, ‘ಪುಟ 1’ ಎಂಬ ಹೆಸರುಗಳು. ಒಂದೊಂದನ್ನೇ ಒತ್ತಿ ನೋಡಿದೆವು. ಕೆಲವು ತೆರೆದವು, ಕೆಲವು ‘ಈ ಪುಟ ಸಿಗುತ್ತಿಲ್ಲ’ ಎಂದವು. ಸಿಗದ ಪುಟದಲ್ಲಿ ಏನಿತ್ತೆಂಬುದು ಅವನಿಗೆ ನೆನಪಿರಲಿಲ್ಲ. ನಷ್ಟವಾಗಿದೆ ಎಂದು ಗೊತ್ತು, ನಷ್ಟವಾದದ್ದು ಏನೆಂದು ಗೊತ್ತಿಲ್ಲ. ಸಾಲ ಕೊಟ್ಟು, ಯಾರಿಗೆ ಕೊಟ್ಟೆನೆಂಬುದನ್ನೇ ಮರೆತವನ ಸ್ಥಿತಿ.

ಓದಿದ ಜಾಗಕ್ಕೆ ಗುರುತಿಡುವುದು ಕಂಪ್ಯೂಟರ್ ಕಲಿಸಿದ ವಿದ್ಯೆಯಲ್ಲ. ನಮ್ಮ ಓಲೆಗರಿಯ ಲಿಪಿಕಾರರು ಗರಿಗಳ ಮೇಲೆ ಅಂಕಿ ಬರೆದು, ರಂಧ್ರದಲ್ಲಿ ದಾರ ಪೋಣಿಸುತ್ತಿದ್ದರು. ದಾರ ಹರಿದು ಗರಿಗಳು ಚೆಲ್ಲಾಪಿಲ್ಲಿಯಾದರೂ ಅಂಕಿ ನೋಡಿ ಮತ್ತೆ ಜೋಡಿಸಬಹುದಿತ್ತು. ಅರಬಿ, ಫಾರಸಿ ಹಸ್ತಪ್ರತಿಗಳಲ್ಲಿ ಮುಂದಿನ ಪುಟದ ಮೊದಲ ಪದವನ್ನು ಈ ಪುಟದ ಕೆಳತುದಿಯಲ್ಲೇ ಬರೆದಿಡುತ್ತಿದ್ದರು. ಮದ್ರಸದಲ್ಲಿ ನಾನು ಕಲಿಯುವಾಗ ಹಜ್ರತರು ಕುರ್‌ಆನಿನ ಅಂಚಿನಲ್ಲಿರುವ ‘ಐನ್’ ಅಕ್ಷರವನ್ನು ತೋರಿಸಿ, ಇಲ್ಲಿಗೆ ಒಂದು ರುಕೂ ಮುಗಿಯಿತು, ನಾಳೆ ಇಲ್ಲಿಂದ, ಎನ್ನುತ್ತಿದ್ದರು. 30 ಜುಝ್, 114 ಸೂರಾ, ಅದರೊಳಗೆ ಆಯತ್‌ನ ಸಂಖ್ಯೆ. ಈ ಗುರುತು ಪುಟಕ್ಕೆ ಅಂಟಿದ್ದಲ್ಲ, ಪಾಠಕ್ಕೆ ಅಂಟಿದ್ದು. ನನ್ನ ಹರಿದ ಪ್ರತಿ ಕಳೆದುಹೋದರೂ ನೆರೆಮನೆಯ ಪ್ರತಿಯಲ್ಲಿ ಅದೇ ಜಾಗ ಸಿಗುತ್ತಿತ್ತು.

ಬ್ರೌಸರಿನ ಗುರುತು ಹೀಗಲ್ಲ. 1993ರ ಮೊಸಾಯಿಕ್‌ನಲ್ಲಿ ಮೆಚ್ಚಿದ ಪುಟಗಳ ವಿಳಾಸ ಕೂಡಿಡಲು ‘ಹಾಟ್‌ಲಿಸ್ಟ್’ ಇತ್ತು. 1994ರಲ್ಲಿ ಬಂದ ನೆಟ್‌ಸ್ಕೇಪ್ ಅದನ್ನು ‘ಬುಕ್‌ಮಾರ್ಕ್’ ಎಂದಿತು. ಮರುವರ್ಷ ಬಂದ ಮೈಕ್ರೋಸಾಫ್ಟಿನ ಎಕ್ಸ್‌ಪ್ಲೋರರ್ ‘ಫೇವರಿಟ್ಸ್’ ಎಂದು ಬೇರೆ ಹೆಸರಿಟ್ಟಿತು. ಆಗಿನ್ನೂ ಪ್ರತಿ ಪುಟಕ್ಕೂ ಒಂದೊಂದು ಕಿಟಕಿ. ಒಂದೇ ಕಿಟಕಿಯಲ್ಲಿ ಹಲವು ಪುಟ ತೆರೆಯುವ ಟ್ಯಾಬುಗಳು ಅಲ್ಲಲ್ಲಿ ಇದ್ದವಾದರೂ ಜನಸಾಮಾನ್ಯರ ಕೈಗೆ ಬಂದದ್ದು 2004ರ ಫೈರ್‌ಫಾಕ್ಸ್, 2006ರ ಎಕ್ಸ್‌ಪ್ಲೋರರ್ 7ರ ನಂತರ. ತೆರೆಯುವುದು ಸುಲಭವಾದಷ್ಟೂ ಮುಚ್ಚುವುದು ಕಷ್ಟವಾಯಿತು. ಓದದೆ ಮುಚ್ಚಲು ಮನಸ್ಸಿಲ್ಲ, ಓದಲು ಪುರುಸೊತ್ತಿಲ್ಲ. ಆಗ ಎಲ್ಲವನ್ನೂ ಗಂಟುಕಟ್ಟಿ ಇಡುವ ಸೌಲಭ್ಯ ಬಂತು. ಹೆಸರು ಬುಕ್‌ಮಾರ್ಕ್ ಎಂದಿದ್ದರೂ ಅಲ್ಲಿ ಬುಕ್ ನಮ್ಮ ಮನೆಯಲ್ಲಿ ಇರುವುದಿಲ್ಲ. ಉಳಿಯುವುದು ವಿಳಾಸ ಮಾತ್ರ.

ಮನೆಯೇ ಖಾಲಿಯಾದರೆ ಏನಾಗುತ್ತದೆಂಬುದನ್ನು ಕನ್ನಡಿಗರು ಕಂಡಿದ್ದಾರೆ. ಈ ಶತಮಾನದ ಆರಂಭದಲ್ಲಿ, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಕೈಗೊಂಡ ಹತ್ತು ಲಕ್ಷ ಪುಸ್ತಕಗಳ ಯೋಜನೆಯ ಭಾಗವಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ರೂಪುಗೊಂಡಿತು. ಪೇಟೆಯಲ್ಲಿ ಸಿಗದ ಕನ್ನಡ, ಉರ್ದು ಪುಸ್ತಕಗಳು ಅಲ್ಲಿದ್ದವು. ಆದರೆ ಶೀರ್ಷಿಕೆಗಳೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ, ಅದೂ ತಪ್ಪುತಪ್ಪಾಗಿ. ಕನ್ನಡದಲ್ಲಿ ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ಓಂಶಿವಪ್ರಕಾಶ್ ಮತ್ತು ಗೆಳೆಯರ ‘ಸಂಚಯ’ ಬಳಗ ಈ ಶೀರ್ಷಿಕೆಗಳನ್ನು ಹಲವು ಸ್ವಯಂಸೇವಕರ ನೆರವಿನಿಂದ ಕನ್ನಡ ಲಿಪಿಗೆ ತಂದು ‘ಪುಸ್ತಕ ಸಂಚಯ’ವೆಂಬ ಹುಡುಕುಪಟ್ಟಿ ಮಾಡಿತು. ನನ್ನ ದೃಷ್ಟಿಯಲ್ಲಿ ಇದು ಕನ್ನಡಿಗರೆಲ್ಲ ಸೇರಿ ಮಾಡಿಕೊಂಡ ಒಂದು ದೊಡ್ಡ ಬುಕ್‌ಮಾರ್ಕ್ ಫೋಲ್ಡರ್. ಇದಕ್ಕೆ ಸಲ್ಲಬೇಕಾದ ಮೆಚ್ಚುಗೆ ಇನ್ನೂ ಸಂದಿಲ್ಲ.

2017ರ ಸುಮಾರಿಗೆ ಹಕ್ಕುಸ್ವಾಮ್ಯದ ತಕರಾರಿನ ನಡುವೆ ಆ ಗ್ರಂಥಾಲಯದ ತಾಣ ನಿಂತುಹೋಯಿತು. ಅಲ್ಲಿಯವರೆಗೆ ಓದುಗರು ಕೂಡಿಟ್ಟಿದ್ದ ವಿಳಾಸಗಳೆಲ್ಲ ಬೀಗ ಹಾಕಿದ ಬಾಗಿಲುಗಳಾದವು. ಪುಣ್ಯಕ್ಕೆ ಪುಸ್ತಕಗಳು ಪೂರ್ತಿ ಹೋಗಲಿಲ್ಲ. ಕಾರ್ಲ್ ಮಲಮುದ್ ಎಂಬ ಅಮೆರಿಕದ ಕಾರ್ಯಕರ್ತರ ಪ್ರಯತ್ನದಿಂದ ಐದು ಲಕ್ಷಕ್ಕೂ ಹೆಚ್ಚು ಪ್ರತಿಗಳು ಇಂಟರ್‌ನೆಟ್ ಆರ್ಕೈವ್‌ಗೆ ಸೇರಿವೆ. ಅಲ್ಲಿನ ವಿಳಾಸಗಳನ್ನು ಗಮನಿಸಿದರೆ ‘ಅರ್ನೆಟ್’, ‘ಡಿಎಲ್‌ಐ’ ಎಂಬ ಹಳೆಯ ಮನೆಯ ಹೆಸರೂ, ಪುಸ್ತಕದ ಹಳೆಯ ಸಂಖ್ಯೆಯೂ ಹಾಗೆಯೇ ಇವೆ. ಊರು ಬಿಟ್ಟವರು ಹೆಸರಿನ ಹಿಂದೆ ಊರನ್ನು ಉಳಿಸಿಕೊಂಡಂತೆ. ಹಳೆಯ ಸಂಖ್ಯೆಯನ್ನೋ, ಪುಸ್ತಕದ ಹೆಸರನ್ನೋ ಬರೆದಿಟ್ಟುಕೊಂಡಿದ್ದವರು ಅದನ್ನು ಹಿಡಿದು ಹೊಸ ಮನೆಯನ್ನು ಹುಡುಕಬಹುದಿತ್ತು. ಬರೀ ಕೊಂಡಿ ಇಟ್ಟುಕೊಂಡಿದ್ದವರಿಗೆ ದಾರಿ ಇರಲಿಲ್ಲ.

ಈ ಮಾತು ಹೇಳಿದಾಗ ಹುಡುಗ ಶಾಸನಗಳ ಕಡೆಗೇ ಬಂದ. ಬಿ. ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕ’ದಲ್ಲಿ ಶಾಸನಗಳನ್ನು ತಾಲ್ಲೂಕುವಾರು ಸಂಖ್ಯೆ ಕೊಟ್ಟು ಜೋಡಿಸಿದ. ಚಿತ್ರದುರ್ಗ ಜಿಲ್ಲೆಯದು 11ನೇ ಸಂಪುಟ. ನೂರು ವರ್ಷ ಕಳೆದರೂ ವಿದ್ವಾಂಸರು ತಾಲ್ಲೂಕಿನ ಹೆಸರು, ಶಾಸನದ ಸಂಖ್ಯೆ ಎರಡನ್ನೇ ಹೇಳಿ ಮಾತು ಮುಗಿಸುತ್ತಾರೆ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಸಂಪುಟಗಳನ್ನು ತಂದಾಗ ಸಂಖ್ಯೆಗಳು ಬದಲಾದವು. ಆದರೆ ಸಂಪಾದಕರು ರೈಸ್‌ನ ಹಳೆಯ ಸಂಖ್ಯೆಯನ್ನೂ ಜೊತೆಗೇ ಅಚ್ಚು ಹಾಕಿದರು. ಹಳೆಯ ಲೇಖನ ಓದುವವನು ದಾರಿ ತಪ್ಪಬಾರದೆಂಬ ಕಾಳಜಿ ಅದು. ಎಷ್ಟು ತಾಣಗಳು ಮನೆ ಬದಲಿಸುವಾಗ ಇಷ್ಟು ಮರ್ಯಾದೆ ತೋರಿಸುತ್ತವೆ?

ಆ ರಾತ್ರಿ ಊಟವಾದ ಮೇಲೆ ಇಬ್ಬರೂ ಕುಳಿತೆವು. ‘ಹೊಸ ಫೋಲ್ಡರ್’ ಅನ್ನು ಒಡೆದು ಶಾಸನ, ಗೆಜೆಟಿಯರ್, ಪಾಳೆಯಗಾರರು, ಕೆರೆಗಳು ಎಂದು ನಾಲ್ಕು ಮಾಡಿದೆವು. ಪ್ರತಿ ಬುಕ್‌ಮಾರ್ಕಿನ ಹೆಸರನ್ನು ಅಳಿಸಿ ಲೇಖಕ, ಪುಸ್ತಕ, ವರ್ಷ, ಪುಟಸಂಖ್ಯೆಗಳನ್ನು ಕನ್ನಡದಲ್ಲೇ ಬರೆದೆವು. ಯಾಕೆ ಬೇಕೆಂಬುದನ್ನೂ ನಾಲ್ಕು ಪದದಲ್ಲಿ ಸೇರಿಸಿದೆವು. ಬರೆಯಲು ಹೊರಟಾಗ ಹನ್ನೊಂದು ಯಾಕೆ ಬೇಕೆಂದು ಹೇಳಲು ಅವನಿಗೇ ಆಗಲಿಲ್ಲ. ಅವನ್ನು ಅಳಿಸಿದೆವು. ತೆರೆಯದ ಪುಟಗಳ ವಿಳಾಸಗಳನ್ನು ಇಂಟರ್‌ನೆಟ್ ಆರ್ಕೈವ್‌ನವರು 2001ರಲ್ಲಿ ತೆರೆದ ‘ವೇಬ್ಯಾಕ್ ಮಷಿನ್’ನಲ್ಲಿ ಹಾಕಿ ನೋಡಿದಾಗ ಮೂರರ ಹಳೆಯ ಪ್ರತಿ ಸಿಕ್ಕಿತು. ಉಳಿದ ಐದು ಸಿಗಲೇ ಇಲ್ಲ.

ಅವುಗಳಲ್ಲಿ ಒಂದು ಕೆರೆಯೊಂದರ ತೂಬಿನ ಬಳಿಯ ಕಲ್ಲಿನ ಚಿತ್ರವಂತೆ. ಕಲ್ಲು ಎಲ್ಲಿಯೂ ಹೋಗಿರುವುದಿಲ್ಲವಲ್ಲ ಎಂದು ಮರುದಿನ ಬೆಳಿಗ್ಗೆ ಅವನು ಬೈಕು ಹೊರಗೆ ತೆಗೆದ.