ಮಗು ಅಮ್ಮನ ಮಡಿಲಲ್ಲಿ, ಸಹಿ ಅಪ್ಪನದು: ಮಕ್ಕಳ ಕಸ್ಟಡಿ ಕಾನೂನಿನ ಹಳೇ ಕಥೆ

ಇವತ್ತಿನ ಮಾತನ್ನ ಅರಸೀಕೆರೆ ಪಕ್ಕದ ಮಾಲೇಕಲ್ಲಿನಿಂದ ಶುರು ಮಾಡೋಣ. ಅಲ್ಲಿ ಬೆಟ್ಟದ ಮೇಲೆ ವೆಂಕಟರಮಣನ ಗುಡಿ ಇದೆ, ಮಾಲೇಕಲ್ಲು ತಿರುಪತಿ ಅಂತಲೇ ಹೆಸರು. ವೆಂಕಟರಮಣನ ಒಕ್ಕಲು ಅಂದಮೇಲೆ ಮಗುವಿನ ಮುಡಿ ಕೊಡೋ ಹರಕೆ ಇದ್ದೇ ಇರುತ್ತೆ. ನಮ್ಮ ಕಡೆ ಈ ಶಾಸ್ತ್ರ ನೋಡಿದವರಿಗೆ ಗೊತ್ತು. ಹರಕೆ ಹೊತ್ತವಳು ತಾಯಿ. ಎಷ್ಟೋ ಮನೆಗಳಲ್ಲಿ ಮಗುವನ್ನ ತೊಡೆ ಮೇಲೆ ಕೂರಿಸಿಕೊಳ್ಳೋನು ಸೋದರಮಾವ. ಪೂಜಾರಿ ಕೇಳಿದಾಗ ಹೇಳೋ ಗೋತ್ರ ಮಾತ್ರ ಅಪ್ಪನದು.

ಮನೆ ಚೆನ್ನಾಗಿರೋವಾಗ ಇದನ್ನ ಯಾರೂ ಗಮನಿಸೋದೇ ಇಲ್ಲ. ಗಂಡ ಹೆಂಡತಿ ಬೇರೆಯಾದ ದಿನ ಮಾತ್ರ ಎರಡು ಪ್ರಶ್ನೆ ಏಳ್ತವೆ. ಮಗು ಯಾರ ಹತ್ತಿರ ಇರಬೇಕು? ಮಗುವಿನ ಪರವಾಗಿ ಸಹಿ ಹಾಕೋರು ಯಾರು? ಮೊದಲನೆಯದು ಕಸ್ಟಡಿ, ಎರಡನೆಯದು ಗಾರ್ಡಿಯನ್‌ಶಿಪ್. ನಾವು ಮಾತಾಡುವಾಗ ಎರಡನ್ನೂ ಒಂದೇ ಮಾಡಿಬಿಡ್ತೀವಿ. ಕಾನೂನು ಹಾಗೆ ಮಾಡಲ್ಲ. ಯಾಕೆ ಮಾಡಲ್ಲ ಅನ್ನೋದಕ್ಕೆ ಸುಮಾರು 900 ವರ್ಷ ಹಿಂದಕ್ಕೆ ಹೋಗಬೇಕು.

ಬೇಲೂರಿನ ಚೆನ್ನಕೇಶವ ದೇವಾಲಯ ಕಟ್ಟಿಸಿದ್ದು 1117ರಲ್ಲಿ, ವಿಷ್ಣುವರ್ಧನ. ಆ ಕಾಲಕ್ಕೆ ಹೊಯ್ಸಳರು ಕಲ್ಯಾಣದ ಚಾಲುಕ್ಯರ ಸಾಮಂತರು. ಅದೇ ಕಲ್ಯಾಣದಲ್ಲಿ, ಅಂದರೆ ಇವತ್ತಿನ ಬಸವಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯನ ಆಸರೆಯಲ್ಲಿ ವಿಜ್ಞಾನೇಶ್ವರ ಅನ್ನೋ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ ಒಂದು ವ್ಯಾಖ್ಯಾನ ಬರೆದ. ಅದೇ ಮಿತಾಕ್ಷರ. ಬಂಗಾಳದ ಕಡೆ ಬಿಟ್ಟರೆ ಭಾರತದ ಹೆಚ್ಚಿನ ಭಾಗದಲ್ಲಿ ಹಿಂದೂ ಕುಟುಂಬದ ಆಸ್ತಿ ಲೆಕ್ಕ ನಡೆದದ್ದು ಈ ಪುಸ್ತಕದ ಮೇಲೆ. ಅದರ ಮುಖ್ಯ ಮಾತು ಏನಪ್ಪಾ ಅಂದರೆ, ಮಗ ಹುಟ್ಟಿದ ಕ್ಷಣದಿಂದಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಅವನಿಗೆ ಹಕ್ಕು ಬರುತ್ತೆ.

ತೊಟ್ಟಿಲಲ್ಲಿ ಮಲಗಿರೋ ಕೂಸಿಗೂ ಹೊಲದಲ್ಲಿ ಪಾಲಿದೆ. ಆದರೆ ಕೂಸು ಆ ಪಾಲನ್ನ ನೋಡಿಕೊಳ್ಳೋಕೆ ಆಗಲ್ಲ. ಹಾಗಾದರೆ ನೋಡಿಕೊಳ್ಳೋರು ಯಾರು? ಗಾರ್ಡಿಯನ್ ಅನ್ನೋ ಪ್ರಶ್ನೆ ಗಟ್ಟಿಯಾಗಿ ಬೇರೂರಿದ್ದು ಇಲ್ಲಿ. ಯಾರೂ ದಿಕ್ಕಿಲ್ಲದ ಬಾಲಕನ ಆಸ್ತಿಯನ್ನ ರಾಜನೇ ಕಾಪಾಡಬೇಕು ಅಂತ ಮನುಸ್ಮೃತಿಯೂ ಹೇಳುತ್ತೆ. ಗಮನಿಸಿ, ಇಲ್ಲೆಲ್ಲ ಮಾತು ಆಸ್ತಿಯದ್ದು. ಮಗು ರಾತ್ರಿ ಯಾರ ಪಕ್ಕ ಮಲಗಬೇಕು, ಜ್ವರ ಬಂದರೆ ಯಾರನ್ನ ಕೇಳುತ್ತೆ ಅನ್ನೋದು ಹೆಂಗಸರ ವಿಷಯ ಅಂತ ಬಿಟ್ಟಾಗಿತ್ತು.

ಒಂದು ಸಣ್ಣ ಸಂಗತಿ ಹೇಳಿಬಿಡ್ತೀನಿ, ನನಗೆ ತುಂಬಾ ಇಷ್ಟವಾದದ್ದು. ಹೊಯ್ಸಳರ ಬಗ್ಗೆ 1957ರಲ್ಲಿ ಇಂಗ್ಲಿಷಿನಲ್ಲಿ ದೊಡ್ಡ ಪುಸ್ತಕ ಬರೆದವನು ಡಂಕನ್ ಡೆರೆಟ್ ಅನ್ನೋ ಇಂಗ್ಲಿಷ್ ವಿದ್ವಾಂಸ. ಅದೇ ಮನುಷ್ಯ ಆಮೇಲೆ ಹಿಂದೂ ಕಾನೂನಿನ ಅತಿ ದೊಡ್ಡ ಪಂಡಿತರಲ್ಲಿ ಒಬ್ಬನಾದ. ಹಳೇಬೀಡಿನಿಂದ ಹಿಂದೂ ಲಾಗೆ ದಾರಿ ಇದೆ ಅಂತ ನಾನೊಬ್ಬನೇ ಹೇಳ್ತಿಲ್ಲ!

ಈಗ ನೇರ ಮೈಸೂರಿಗೆ, 1894ಕ್ಕೆ ಬನ್ನಿ. ಆ ವರ್ಷ ಮೈಸೂರು ಸಂಸ್ಥಾನ ಬಾಲ್ಯವಿವಾಹ ತಡೆಯೋಕೆ ಒಂದು ಕಾಯ್ದೆ ತಂತು. 8 ವರ್ಷ ತುಂಬದ ಹುಡುಗಿಗೆ ಮದುವೆ ಮಾಡುವಂತಿಲ್ಲ. 50 ದಾಟಿದ ಗಂಡಸು 14 ತುಂಬದ ಹುಡುಗಿಯನ್ನ ಮದುವೆಯಾಗುವಂತಿಲ್ಲ. ಎಂಟು ವರ್ಷ ಅಂದರೆ ಇವತ್ತು ನಮಗೆ ಕೇಳೋಕೂ ಕಷ್ಟ. ಆದರೆ ಆ ಕಾಲಕ್ಕೆ ಇದು ದೊಡ್ಡ ಸುದ್ದಿ, ಯಾಕೆಂದರೆ ‘ನನ್ನ ಮಗಳು, ನನ್ನಿಷ್ಟ’ ಅಂತಿದ್ದ ಅಪ್ಪನಿಗೆ ಸರ್ಕಾರ ‘ಇಲ್ಲ, ಅದಕ್ಕೊಂದು ಮಿತಿ ಇದೆ’ ಅಂದಿತ್ತು. ತಪ್ಪು ಮಾಡಿದರೆ ಮದುವೆ ಮಾಡಿಸಿದವರಿಗೇ ಶಿಕ್ಷೆ.

ಅದೇ ವರ್ಷ ಡಿಸೆಂಬರ್ ಕೊನೆಯಲ್ಲಿ ಮಹಾರಾಜ ಹತ್ತನೇ ಚಾಮರಾಜೇಂದ್ರ ಒಡೆಯರ್ ಕಲ್ಕತ್ತಾದಲ್ಲಿ ಡಿಫ್ತೀರಿಯಾ, ಅಂದರೆ ಗಂಟಲಮಾರಿ ಬಂದು ತೀರಿಕೊಂಡರು. ದೊಡ್ಡ ಮಗ ಕೃಷ್ಣರಾಜನಿಗೆ ಆಗ ಹತ್ತೇ ವರ್ಷ. ಪಟ್ಟವೇನೋ ಕಟ್ಟಿದರು. ಆಡಳಿತ? ಅದು ತಾಯಿಯ ಕೈಗೆ ಬಂತು. ಮೂವತ್ತೂ ತುಂಬದ ವಿಧವೆ, ಮಹಾರಾಣಿ ಕೆಂಪನಂಜಮ್ಮಣ್ಣಿ, ವಾಣಿ ವಿಲಾಸ ಸನ್ನಿಧಾನ, 1895ರಿಂದ 1902ರ ತನಕ ರೀಜೆಂಟ್ ಆಗಿ ಇಡೀ ಸಂಸ್ಥಾನ ನಡೆಸಿದರು. ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಗಿದ್ದು ಅವರ ಕಾಲದಲ್ಲಿ. ಹಿರಿಯೂರಿನ ವಾಣಿ ವಿಲಾಸ ಸಾಗರಕ್ಕೆ ಇರೋದು ಅವರದ್ದೇ ಹೆಸರು.

ಆದರೆ ಮಗನ ವಿಷಯ ನೋಡಿ. 1896ರಲ್ಲಿ ಬಾಲಕ ಮಹಾರಾಜನ ಓದು, ಶಿಸ್ತು, ದಿನಚರಿ ನೋಡಿಕೊಳ್ಳೋಕೆ ಸ್ಟುವರ್ಟ್ ಫ್ರೇಸರ್ ಅನ್ನೋ ಐಸಿಎಸ್ ಅಧಿಕಾರಿ ಬಂದ. ತಂದೆ ಚಾಮರಾಜೇಂದ್ರರಿಗೂ ಇದೇ ಆಗಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ್ 1865ರಲ್ಲಿ ಅವರನ್ನ ದತ್ತು ತಗೊಂಡಾಗ ಅವರಿನ್ನೂ ಎರಡು ವರ್ಷದ ಮಗು. ಮುಮ್ಮಡಿಯವರು 1868ರಲ್ಲಿ ತೀರಿಕೊಂಡ ಮೇಲೆ ಹುಡುಗನ ಗಾರ್ಡಿಯನ್ ಆದವರು ಬ್ರಿಟಿಷ್ ಅಧಿಕಾರಿಗಳು. ಕರ್ನಲ್ ಮ್ಯಾಲೆಸನ್ ಅವರಲ್ಲೊಬ್ಬ. ಸಾಮಾನ್ಯ ಮನೆಗಳಲ್ಲಿ ಮಗು ತಾಯಿ ಹತ್ತಿರ, ಕಾಗದಪತ್ರದ ಸಹಿ ಗಂಡಸಿನದು. ಅರಮನೆಯಲ್ಲಿ ಅದು ತಿರುಗಿ ನಿಂತಿತ್ತು. ರಾಜ್ಯದ ಅಧಿಕಾರ ತಾಯಿಯದು, ಮಗನನ್ನ ತಿದ್ದೋ ಅಧಿಕಾರ ಬೇರೊಬ್ಬರದು. ಎರಡೂ ಕಡೆ ಒಂದೇ ಸಾಮ್ಯ: ಮಗುವನ್ನ ಯಾರೂ ಕೇಳಿರಲಿಲ್ಲ.

ಬ್ರಿಟಿಷ್ ಇಂಡಿಯಾದಲ್ಲಿ 1890ರಲ್ಲೇ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆ್ಯಕ್ಟ್ ಬಂದಿತ್ತು. ಇವತ್ತಿಗೂ ನಮ್ಮ ಕೋರ್ಟುಗಳಲ್ಲಿ ಓಡ್ತಿರೋದು ಅದೇ ಕಾಯ್ದೆ. ಗಾರ್ಡಿಯನ್ ನೇಮಿಸುವಾಗ ಮಗುವಿನ ಹಿತ ನೋಡಿ, ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟವನ್ನೂ ಪರಿಗಣಿಸಬಹುದು ಅಂತ 17ನೇ ಸೆಕ್ಷನ್ ಹೇಳಿತು. ಪರವಾಗಿಲ್ವೇ ಅನ್ನಿಸುತ್ತೆ. ಆದರೆ ಎರಡು ಸೆಕ್ಷನ್ ಮುಂದೆ ಹೋದರೆ, ಯೋಗ್ಯನಾದ ತಂದೆ ಬದುಕಿರೋವಾಗ ಬೇರೆ ಗಾರ್ಡಿಯನ್ ನೇಮಿಸುವಂತಿಲ್ಲ ಅಂತಿತ್ತು. ‘ಅಥವಾ ತಾಯಿ’ ಅನ್ನೋ ಮಾತು ಅಲ್ಲಿಗೆ ಸೇರಿದ್ದು 2010ರಲ್ಲಿ. ನೂರಿಪ್ಪತ್ತು ವರ್ಷ ಆದಮೇಲೆ!

ಈ ನಡುವೆ ಮದ್ರಾಸಿನಲ್ಲಿ ನಡೆದ ಒಂದು ಕೇಸು ಹೇಳಲೇಬೇಕು. ನಮ್ಮ ಕೋಲಾರದ ಗಡಿಯಿಂದ ಅಷ್ಟೇನೂ ದೂರ ಇಲ್ಲದ ಮದನಪಲ್ಲಿಯಲ್ಲಿ ಹುಟ್ಟಿದ ಹುಡುಗನದು. ಮುಂದೆ ಜಗತ್ತಿಗೆಲ್ಲ ಗೊತ್ತಾದ ಜೆ. ಕೃಷ್ಣಮೂರ್ತಿ. ತಂದೆ ನಾರಾಯಣಯ್ಯ 1910ರಲ್ಲಿ ಕೃಷ್ಣಮೂರ್ತಿ ಮತ್ತು ಅವನ ತಮ್ಮನ ಗಾರ್ಡಿಯನ್‌ಶಿಪ್ಪನ್ನ ಆನಿ ಬೆಸೆಂಟ್‌ಗೆ ಬರೆದುಕೊಟ್ಟರು. ಎರಡೇ ವರ್ಷದಲ್ಲಿ ಮನಸ್ಸು ಬದಲಾಯ್ತು, ಮಕ್ಕಳನ್ನ ವಾಪಸ್ ಕೊಡಿ ಅಂತ ಕೋರ್ಟಿಗೆ ಹೋದರು. ಮದ್ರಾಸ್ ಹೈಕೋರ್ಟ್ ತಂದೆ ಪರ. ಆದರೆ 1914ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಅದನ್ನ ರದ್ದು ಮಾಡಿತು. ತಂದೆ ತನ್ನ ಗಾರ್ಡಿಯನ್‌ಶಿಪ್ಪನ್ನ ವಾಪಸ್ ತಗೊಳ್ಳಲಾಗದ ಹಾಗೆ ಯಾರಿಗೂ ಬರೆದುಕೊಡೋಕೆ ಆಗಲ್ಲ, ಅದು ಮಕ್ಕಳ ಒಳಿತಿಗಾಗಿ ಇರೋ ಹೊಣೆ ಅಂತ ಒಪ್ಪಿತು. ಜೊತೆಗೆ ಇಂಗ್ಲೆಂಡಿನಲ್ಲಿದ್ದ ಆ ಹುಡುಗರ ಹಿತವೇನು ಅಂತ ಸರಿಯಾಗಿ ವಿಚಾರಿಸಿಯೇ ಇಲ್ಲವಲ್ಲ ಅಂತಲೂ ಆಕ್ಷೇಪಿಸಿತು. ತಂದೆಗೆ ತತ್ವ ಸಿಕ್ಕಿತು, ಮಕ್ಕಳು ಸಿಗಲಿಲ್ಲ.

ಸ್ವಾತಂತ್ರ್ಯ ಬಂದಮೇಲೆ 1956. ಕನ್ನಡ ಸೀಮೆಗಳೆಲ್ಲ ಒಂದು ರಾಜ್ಯವಾದ ವರ್ಷವೇ ಹಿಂದೂ ಮೈನಾರಿಟಿ ಅಂಡ್ ಗಾರ್ಡಿಯನ್‌ಶಿಪ್ ಆ್ಯಕ್ಟ್ ಕೂಡ ಬಂತು. ಅದರ 6ನೇ ಸೆಕ್ಷನ್ ಪ್ರಕಾರ ಮಗುವಿನ ಸಹಜ ಪೋಷಕ ತಂದೆ, ಅವನ ನಂತರ ತಾಯಿ. ಐದು ವರ್ಷ ತುಂಬದ ಮಗು ಮಾತ್ರ ಸಾಮಾನ್ಯವಾಗಿ ತಾಯಿ ಹತ್ತಿರ ಇರಬೇಕು. (ಮುಸ್ಲಿಂ ಕಾನೂನಿನಲ್ಲೂ ಚಿಕ್ಕ ಮಗುವನ್ನ ಸಾಕೋ ಹಕ್ಕು ತಾಯಿಗೆ, ಆಸ್ತಿಯ ಗಾರ್ಡಿಯನ್ ಮಾತ್ರ ತಂದೆ.)

‘ನಂತರ’ ಅಂದರೆ ಏನು? ಸತ್ತ ನಂತರವೇ? 1984ರಲ್ಲಿ ಲೇಖಕಿ ಗೀತಾ ಹರಿಹರನ್ ತಮ್ಮ ಮಗನ ಹೆಸರಲ್ಲಿ ರಿಸರ್ವ್ ಬ್ಯಾಂಕಿನ ಬಾಂಡ್ ಕೊಳ್ಳೋಕೆ ಅರ್ಜಿ ಹಾಕಿದರು, ಗಾರ್ಡಿಯನ್ ಜಾಗದಲ್ಲಿ ತಾವೇ ಸಹಿ ಹಾಕಿ. ಗಂಡನೂ ಒಪ್ಪಿದ್ದರು. ಅರ್ಜಿ ವಾಪಸ್ ಬಂತು: ತಂದೆಯ ಸಹಿ ಬೇಕು. ಪರಿಸರ ಹೋರಾಟಗಾರ್ತಿ ವಂದನಾ ಶಿವ ಅವರದ್ದು ಇನ್ನೊಂದು ಅರ್ಜಿ. ಡಿವೋರ್ಸ್ ಕೇಸ್ ನಡೀತಿರೋವಾಗ ಮಗುವಿಗೆ ತಾನೊಬ್ಬನೇ ಸಹಜ ಪೋಷಕ ಅಂತ ಗಂಡನ ವಾದ. ಎರಡನ್ನೂ ಸೇರಿಸಿ 1999ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ‘ನಂತರ’ ಅಂದರೆ ತಂದೆ ಸತ್ತಮೇಲೆ ಅಂತಲೇ ಅರ್ಥ ಅಲ್ಲ, ‘ತಂದೆಯ ಗೈರುಹಾಜರಿಯಲ್ಲಿ’ ಅಂತ. ಮಗುವಿನ ಬಗ್ಗೆ ಗಮನವೇ ಕೊಡದವನು, ದೂರ ಇರೋನು, ತಾಯಿಯೇ ನೋಡಿಕೊಳ್ಳಲಿ ಅಂತ ಒಪ್ಪಿದವನು, ಎಲ್ಲವೂ ಗೈರುಹಾಜರಿಯೇ. ನನ್ನ ಮಟ್ಟಿಗೆ ಇದು ಅರ್ಧ ಜಯ. ಅಪ್ಪ ಇಲ್ಲದಿದ್ದರೆ ಅಮ್ಮ ಅನ್ನೋದಕ್ಕೂ ಇಬ್ಬರೂ ಸಮ ಅನ್ನೋದಕ್ಕೂ ವ್ಯತ್ಯಾಸ ಇದೆಯಲ್ಲ. 2015ರಲ್ಲಿ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ ತಂದೆ ತಾಯಿ ಇಬ್ಬರಿಗೂ ಸಮಾನ ಸ್ಥಾನ ಕೊಡಿ, ಜಂಟಿ ಕಸ್ಟಡಿಗೂ ದಾರಿ ಮಾಡಿ ಅಂತ ಶಿಫಾರಸು ಮಾಡಿತು. ಸೆಕ್ಷನ್ನಿನ ಮಾತು ಮಾತ್ರ ಬದಲಾಗಿಲ್ಲ.

ಈಗ ಅರಳಿಕಟ್ಟೆಯಲ್ಲೂ ವಾಟ್ಸ್ಯಾಪ್‌ನಲ್ಲೂ ಓಡಾಡೋ ಒಂದು ಮಾತು: ‘ಐದು ವರ್ಷ ತುಂಬಿದ ಮೇಲೆ ಮಗು ಅಪ್ಪನಿಗೇ ಹೋಗುತ್ತೆ.’ ಈ ಹೆದರಿಕೆಯಿಂದ ಎಷ್ಟೋ ಹೆಣ್ಣುಮಕ್ಕಳು ಹಿಂಸೆ ಸಹಿಸಿಕೊಂಡು ಇದ್ದುಬಿಡ್ತಾರೆ. ಕಾನೂನಿನಲ್ಲಿ ಹಾಗಿಲ್ಲ. ಅದೇ 1956ರ ಕಾಯ್ದೆಯ 13ನೇ ಸೆಕ್ಷನ್ ಮಗುವಿನ ಹಿತವೇ ಎಲ್ಲಕ್ಕಿಂತ ಮುಖ್ಯ ಅನ್ನುತ್ತೆ. ಆರು ವರ್ಷದ ಮಗುವೂ ತಾಯಿ ಹತ್ತಿರ ಇರಬಹುದು, ನಾಲ್ಕು ವರ್ಷದ್ದು ತಂದೆ ಹತ್ತಿರವೂ ಇರಬಹುದು. ಹಾಗೇ, ಕಸ್ಟಡಿ ಸಿಗದ ಅಪ್ಪ ಅಪ್ಪನಾಗಿ ಉಳಿಯಲ್ಲ ಅನ್ನೋದೂ ಸುಳ್ಳು. ಮಗುವನ್ನ ನೋಡೋಕೆ, ರಜೆಯಲ್ಲಿ ಜೊತೆಗಿಟ್ಟುಕೊಳ್ಳೋಕೆ ಕೋರ್ಟ್ ಅವಕಾಶ ಕೊಡಬಹುದು. ಆದೇಶವೂ ಕಲ್ಲಿನ ಮೇಲಿನ ಶಾಸನ ಅಲ್ಲ. ಪರಿಸ್ಥಿತಿ ಬದಲಾದರೆ ಕಸ್ಟಡಿ ಆದೇಶವನ್ನೂ ಬದಲಾಯಿಸಬಹುದು ಅಂತ ಸುಪ್ರೀಂ ಕೋರ್ಟ್ 1973ರಲ್ಲೇ ರೋಸಿ ಜೇಕಬ್ ಕೇಸಿನಲ್ಲಿ ಹೇಳಿದೆ.

ಇನ್ನೊಂದು ಉಪಯೋಗದ ಮಾತು. ಗಾರ್ಡಿಯನ್‌ಶಿಪ್ ಅರ್ಜಿ ಹಾಕಬೇಕಾದ್ದು ಮಗು ಸಾಮಾನ್ಯವಾಗಿ ವಾಸ ಮಾಡೋ ಜಾಗದ ಕೋರ್ಟಿನಲ್ಲಿ. ಮದುವೆ ಬೆಂಗಳೂರಲ್ಲಿ ಆಗಿರಲಿ, ಗಂಡ ದುಬೈನಲ್ಲಿರಲಿ, ಮಗು ಮಾಲೇಕಲ್ಲಿನ ಅಜ್ಜಿ ಮನೆಯಲ್ಲಿ ನೆಲೆಸಿ ಶಾಲೆಗೆ ಹೋಗ್ತಿದ್ದರೆ ಕೇಸು ನಡೆಯೋದು ಹಾಸನ ಜಿಲ್ಲೆಯಲ್ಲೇ. ನಾಲ್ಕು ದಿನಕ್ಕೆ ರಜೆಗೆ ಬಂದಿದ್ದರೆ ಅದು ವಾಸ ಅನ್ನಿಸಿಕೊಳ್ಳಲ್ಲ. ವಕೀಲರಿಗೆ ದುಡ್ಡಿಲ್ಲ ಅಂದರೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ, ಕೋರ್ಟ್ ಆವರಣದಲ್ಲೇ ವಿಚಾರಿಸಿ. 1987ರ ಕಾಯ್ದೆಯಂತೆ ಹೆಂಗಸರಿಗೂ ಮಕ್ಕಳಿಗೂ ಅಲ್ಲಿ ವಕೀಲರು ಉಚಿತ, ಆದಾಯ ಎಷ್ಟು ಅಂತ ಕೇಳುವಂತಿಲ್ಲ.